ಸುರಿಗೋಲಿನ ಕಲ್ಲಿಗೆ ಒಂದು ಸಾಲು

ಮೈಕಿಗೆ ಎರಡು ಸಲ ಊದಿ, ಒಮ್ಮೆ ಕೆಮ್ಮಿ, ಆ ಕೆಮ್ಮು ಹಿಂದಿನ ಗುಡ್ಡಕ್ಕೆ ಬಡಿದು ವಾಪಸು ಬಂದದ್ದನ್ನು ಕೇಳಿಸಿಕೊಂಡ ಮೇಲೆ ಸುನ್‌ರೇ ಮಾತಿಗೆ ಶುರುಮಾಡಿದಳು. "ಸುರಿಗೋಲಿನ ಎಲ್ಲರಿಗೂ ನಮಸ್ಕಾರ. ಊರ ಯಜಮಾನಿ ಮಾತಾಡ್ತಿದ್ದೀನಿ. ಇವತ್ತು ಮಧ್ಯಾಹ್ನ ಊಟ ಮುಗಿಸ್ಕೊಂಡು ಎಲ್ಲರೂ ಚಾವಡಿಗೆ ಬರಬೇಕು. ಊರಬಾಗಿಲ ಕಲ್ಲಿನ ಮೇಲೆ ಕೆತ್ತೋ ಬರಹ ಓದ್ತೀನಿ. ಸಂಜೆ ಅದು ಕಲ್ಲುಕುಟಿಗನ ಕೈಗೆ ಹೋಗುತ್ತೆ. ಆಮೇಲೆ ನನ್ನನ್ನ ರಸ್ತೇಲಿ ಹಿಡ್ಕೊಂಡು ಅದು ಹಾಗಲ್ಲ ಹೀಗೆ ಅಂತ ಯಾರೂ ರಾಗ ತೆಗೀಬೇಡಿ. ರಸ್ತೆ ಬದೀಲಿ ಮೆಣಸಿನಕಾಯಿ ಒಣಹಾಕಿರೋರು ಎತ್ತಿಟ್ಟು ಬನ್ನಿ, ಮೋಡ ಆಗಿದೆ." ಗುಂಡಿ ಒತ್ತಿ ಮೈಕು ಆರಿಸಿದಳು. ಆರಿಸಿದ ಮೇಲೂ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಯಜಮಾನಿಕೆ ಕೈಗೆ ಬಂದಾಗಿನಿಂದ ಗೊಬ್ಬರ ಬಂದದ್ದು, ಹಂದಿಗಳಿಗೆ ರೋಗ ತಗುಲಿದ್ದು, ಯಾರು ಸತ್ತರು, ಯಾರ ಮನೆಯ ಮದುವೆ, ಕಾರ್ಖಾನೆಯ ಹೊಗೆಯ ಮೇಲೆ ದೂರು ಕೊಟ್ಟದ್ದು, ಎಲ್ಲವನ್ನೂ ಈ ಮೈಕಿನಲ್ಲಿ ಒಂದೇ ಗಂಟಲಿನಲ್ಲಿ ಹೇಳಿದವಳು ಅವಳು. ಒಂದು ದಿನವೂ ನಾಲಿಗೆ ತೊದಲಿರಲಿಲ್ಲ. ಇವತ್ತೂ ತೊದಲಲಿಲ್ಲ. ಆದರೆ 'ಎಲ್ಲರೂ' ಎನ್ನುವಾಗ ಕೆಳಕೇರಿಯ ಕೊನೆಯ ತಗಡಿನ ಮಾಡಿನ ಮನೆ ಕಣ್ಣೆದುರು ಬಂದು ನಿಂತಿತು. ಅದು ಯಾಕೆ ಬರಬೇಕಿತ್ತು ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಬರಹದ ಬಗ್ಗೆ ಅವಳಿಗೆ ಯಾವ ಅಳುಕೂ ಇರಲಿಲ್ಲ. ಸುತ್ತಲಿನ ಊರುಗಳೆಲ್ಲ ಒಂದೊಂದು ಕಲ್ಲು ನಿಲ್ಲಿಸಿ ತಮ್ಮ ಊರಿನ ಚರಿತ್ರೆ ಕೆತ್ತಿಸಿದ್ದವು. ಓದಿದರೆ ಎಲ್ಲ ಊರೂ ಒಂದೇ ಊರು, ಎಲ್ಲ ಊರಿನ ಗುಡ್ಡವೂ ಮಲಗಿದ ಎತ್ತು, ಎಲ್ಲ ಊರಿನ ಜನರೂ ಸಜ್ಜನರು. ಅವಳು ಹಾಗೆ ಬರೆಯಲಿಲ್ಲ. ಹಿಂದೆ ಗುಡ್ಡ, ಮುಂದೆ ತೊರೆ, ನಡುವೆ ನಾಲ್ಕು ಪಟ್ಟಿಯ ಹೆದ್ದಾರಿ ಹಾದುಹೋಗಿ ಮೇಲ್ಕೇರಿ ಕೆಳಕೇರಿಗಳನ್ನು ಸೀಳಿದ್ದು, ಪೂರ್ವಕ್ಕೆ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಊರಿಗೆ ಸೂರ್ಯ ತಡವಾಗಿ ಕಾಣುವುದು, ಎಲ್ಲವನ್ನೂ ಇದ್ದಹಾಗೆ ಬರೆದಳು. ನಾನೂರು ವರ್ಷಗಳ ಹಿಂದೆ ಪ್ಯೋ ಮನೆತನದ ಹಿರಿಯನೊಬ್ಬ ರಾಜನ ಸಿಟ್ಟಿಗೆ ಹೆದರಿ ಇಲ್ಲಿಗೆ ಓಡಿಬಂದು ಮನೆ ಹೂಡಿದ ಎಂದೂ ಬರೆದಳು. 'ಹೆದರಿ' ಎಂಬ ಮಾತನ್ನು ಅದೇ ಮನೆತನದ ಚಿಕ್ಕಮಾವ ಹೊಡೆದುಹಾಕಿಸಿದರು, ಹೋಗಲಿ ಎಂದು ಬಿಟ್ಟಳು. ಜನಸಂಖ್ಯೆಯಲ್ಲಿ ಲೋಹದ ಅಚ್ಚು ಮಾಡುವ ಕಾರ್ಖಾನೆಯ ಹಿಂದೆ ಕಬ್ಬಿಣದ ಪೆಟ್ಟಿಗೆಮನೆಗಳಲ್ಲಿರುವ ನೇಪಾಳದ, ವಿಯೆಟ್ನಾಮಿನ ಹುಡುಗರನ್ನೂ ಸೇರಿಸಿದಳು. ಚರಿತ್ರೆಗೂ ಜನಸಂಖ್ಯೆಗೂ ನಡುವೆ ಒಂದೇ ಒಂದು ಸಾಲು ಉಳಿದಿತ್ತು, ಜಗಳವೆಲ್ಲ ಅದರ ಮೇಲೆ: 'ಮುಂದೆ ರಾಜಧಾನಿಯಲ್ಲಿ ತೊರೆಯ ದಂಡೆಯ ಗುಡಿಸಲುಗಳನ್ನು ಕೆಡವಿ, ಅಲ್ಲಿದ್ದವರನ್ನು ಕಸದ ಲಾರಿಗಳಲ್ಲಿ ತಂದು ಇಲ್ಲಿನ ಗದ್ದೆಯಲ್ಲಿ ಇಳಿಸಲಾಗಿ, ಅವರು ಕೆಳಕೇರಿಯನ್ನು ಕಟ್ಟಿದರು.' ಬರೆದ ರಾತ್ರಿ ಹಾಯಾಗಿ ನಿದ್ದೆ ಬಂದಿತ್ತು. ಈ ಸಾಲು ಕಲ್ಲಿಗೆ ಹೋಗಲೇಬೇಕು, ಹೋಗದಿದ್ದರೆ ತಾನು ಯಜಮಾನಿಕೆ ಮಾಡಿದ್ದು ಮಣ್ಣುಪಾಲು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.

ಚಾವಡಿಯಿಂದ ಹೊರಬಂದರೆ ಊರಬಾಗಿಲ ದೊಡ್ಡ ಮರದ ಕೆಳಗೆ ಚಿಕ್ಕಮಾವ ನಿಂತಿದ್ದರು. ಗಂಡನ ಚಿಕ್ಕಪ್ಪ, ಪ್ಯೋ ಇನ್‌ಹ್ವಾನ್. ಮನೆತನಕ್ಕೆ ಈಗ ಅವರೇ ಹಿರಿಯರು. ಕಲ್ಲು ನಿಲ್ಲಬೇಕಾದ ಜಾಗ ಮನೆತನದ ಹೆಸರಿನಲ್ಲಿತ್ತು, ಹಾಗಾಗಿ ಅವರು ಕೈ ಬೆನ್ನಿಗೆ ಕಟ್ಟಿ, ಆ ಜಾಗವನ್ನು ಯಾರೋ ಹೊತ್ತುಕೊಂಡು ಹೋಗುತ್ತಾರೆಂಬಂತೆ ಕಾಯುತ್ತಿದ್ದರು.

"ಯೋಜಮ್ಮ, ಬೆಳಬೆಳಿಗ್ಗೆ ನಿನ್ನ ಗಂಟಲು ಕೇಳಿ ನಮ್ಮನೆ ನಾಯಿ ಊಟ ಬಿಡ್ತು."

"ಅದಕ್ಕೂ ವಯಸ್ಸಾಯ್ತಲ್ಲ ಚಿಕ್ಮಾವ, ಯಾರು ಏನಂದ್ರೂ ಸಿಟ್ಟು."

"ಆ ಸಾಲು ತೆಗ್ದೆಯೋ ಇಲ್ವೋ?"

"ಇಲ್ಲ."

"ಕಲ್ಲಿನ ಮೇಲೆ ಕಸದ ಲಾರಿ! ಬಂದೋರು ಓದಿ ಮೂಗು ಮುಚ್ಕೊಂಡು ಹೋಗ್ಲಾ? 'ತರುವಾಯ ನಾನಾ ಕಡೆಗಳಿಂದ ಜನ ಬಂದು ನೆಲೆಸಿದರು' ಅಂತ ಬರಿ. ಓದೋಕೂ ಚೆನ್ನ, ಕೇಳೋಕೂ ಚೆನ್ನ."

"ಅವರು ಬರ್ಲಿಲ್ಲ. ತಂದು ಸುರಿದ್ರು."

"ಯಾರು ನೋಡಿದ್ದು? ನಾನಂತೂ ನೋಡಿಲ್ಲ. ಒಂದಿನ ಕಣ್ಬಿಟ್ಟು ನೋಡಿದ್ರೆ ಗದ್ದೆ ತುಂಬ ಡೇರೆ. ಅಣಬೆ ಎದ್ದಂಗೆ ಎದ್ದಿದ್ರು. ನೇಪಾಳದ ಹುಡುಗರನ್ನ ಬೇಕಾದ್ರೆ ಬರ್ಕೋ, ನಂದೇನೂ ತಕರಾರಿಲ್ಲ. ಅವರಾದ್ರೂ ವಿಮಾನದಲ್ಲಿ ಬಂದ್ರು." ತಾವೇ ನಕ್ಕು, ನಗು ಮುಗಿಸಿ, ಮುಖ ಗಂಟುಹಾಕಿದರು. "ಆ ಸಾಲು ಇದ್ರೆ ಕಲ್ಲು ಈ ಜಾಗದಲ್ಲಿ ನಿಲ್ಲಲ್ಲ. ಅಷ್ಟಕ್ಕೂ ನೀನು ಯೋಜು ಕಡೆಯವಳು. ಕೆಳಕೇರಿ ವಿಷ್ಯ ನಿನಗೇನಮ್ಮ ಗೊತ್ತು?"

ಈ ಕೊನೆಯ ಮಾತನ್ನು ಅವರು ಎಷ್ಟು ಸಹಜವಾಗಿ ಹೇಳಿದರೆಂದರೆ, ಅರೆಕ್ಷಣ ಅವಳಿಗೇ ಅದು ನಿಜವೆನ್ನಿಸಿತು. ಸೊಸೆಯಾಗಿ ಬಂದವಳನ್ನು ಅವಳ ತವರೂರಿನ ಹೆಸರು ಹಿಡಿದು ಕರೆಯುವುದು ಮೇಲ್ಕೇರಿಯ ಪದ್ಧತಿ. ಸ್ವಂತ ಹೆಸರು ಯಾರೂ ಕೇಳುವುದಿಲ್ಲ, ಕೇಳಿದರೂ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಪ್ಯೋ ಮನೆತನದ ಹುಡುಗ ಕೂಗಳತೆಯ ಕೆಳಕೇರಿಯಿಂದಲೇ ಹುಡುಗಿಯನ್ನು ಕಟ್ಟಿಕೊಂಡು ಬಂದರೆ ಅವಳನ್ನು ಏನೆಂದು ಕರೆಯುವುದು? ಮಾವನವರು ಒಂದು ಸಂಜೆ ಯೋಚಿಸಿ ತೀರ್ಮಾನ ಕೊಟ್ಟಿದ್ದರು. ಯೋಜುವಿನಲ್ಲಿ ತಾಕ್ ಮನೆತನದವರು ಇದ್ದಾರೆ, ನಿನ್ನ ಮನೆತನವೂ ತಾಕ್, ಇವತ್ತಿನಿಂದ ನೀನು ಯೋಜು ಕಡೆಯವಳು. ಮಾರನೆಯ ಬೆಳಿಗ್ಗೆ ನೀರಿಗೆ ಹೋದರೆ ಮೇಲ್ಕೇರಿಯ ಹೆಂಗಸರೆಲ್ಲ, ಅವಳನ್ನು ಚಿಕ್ಕಂದಿನಿಂದ ಕಂಡವರೇ, "ಯೋಜಮ್ಮ, ನಿಮ್ಮ ಕಡೆ ಬೆಳೆ ಹೇಗಿದೆ?" ಎಂದು ಕೇಳಿದರು. ಅವರಲ್ಲಿ ಒಬ್ಬರಾದರೂ ಕಿಸಕ್ಕನೆ ನಕ್ಕಿದ್ದರೆ ಅವಳು ಅಲ್ಲೇ ಕೊಡ ಒಗೆದು ಮನೆಗೆ ಓಡುತ್ತಿದ್ದಳೇನೋ. ಯಾರೂ ನಗಲಿಲ್ಲ. ಆ ಮರ್ಯಾದೆಯೇ ಅವಳನ್ನು ಕಟ್ಟಿಹಾಕಿತು. "ಚೆನ್ನಾಗಿದೆ," ಅಂದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಂದದ್ದು. ಈಗ ಅರವತ್ತು ದಾಟಿದೆ, ಯೋಜುವನ್ನು ಇವತ್ತಿನವರೆಗೂ ಅವಳು ಕಂಡಿಲ್ಲ. ಬಸ್ಸಿನ ಹಣೆಯ ಮೇಲೆ ಆ ಹೆಸರು ಕಂಡರೆ ಮುಖ ತಿರುಗಿಸುತ್ತಾಳೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅನ್ನದ ಬಟ್ಟಲಿನ ಮುಚ್ಚಳ ತೆಗೆದರೆ ಆವಿ ಕಣ್ಣಿಗೆ ಬಡಿಯಿತು. ಯೋಜುವಿನ ಅಕ್ಕಿ ದೇಶಕ್ಕೆಲ್ಲ ಹೆಸರುವಾಸಿ, ಹಾಗಾಗಿ ಅವಳ ಸುಳ್ಳಿಗೆ ವರ್ಷಕ್ಕೊಂದು ಮೂಟೆ ಅಕ್ಕಿಯೂ ಬೇಕಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ಅತ್ತೆಯವರು ಮಗನನ್ನು ಪೇಟೆಗೆ ಕಳಿಸಿ ಯೋಜು ಮುದ್ರೆಯ ಮೂಟೆ ತರಿಸಿ, ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಎರಡು ದಿನ ಇಡುತ್ತಿದ್ದರು. ಸೊಸೆಯ ತವರಿನಿಂದ ಬಂತು ಅಂತ. ಒಂದು ವರ್ಷ ಅವಳು ಅದರಲ್ಲಿ ಒಂದಿಷ್ಟನ್ನು ಕಟ್ಟಿಕೊಂಡು ಕತ್ತಲಾದ ಮೇಲೆ ಕೆಳಕೇರಿಗೆ ಹೋಗಿದ್ದಳು. ಅವ್ವ ಗಂಟು ಬಿಚ್ಚಲೂ ಇಲ್ಲ. "ಬಂದದ್ದು ಯಾರಾದ್ರೂ ನೋಡಿದ್ರಾ?" ಅಂತಷ್ಟೇ ಕೇಳಿ, ಗಂಟನ್ನು ವಾಪಸು ಅವಳ ತಲೆಯ ಮೇಲಿಟ್ಟು, ದೀಪ ಸಣ್ಣಗೆ ಮಾಡಿ ಬಾಗಿಲು ಹಾಕಿಕೊಂಡಿದ್ದಳು. ಈಗ ಎದುರಿಗೆ ಗಂಡ ಜಿನ್‌ಸೋಕ್ ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದ. ಯಾವ ಜಗಳಕ್ಕೂ ಇಳಿಯದ ಮನುಷ್ಯ, ಮುಳ್ಳಿಗೂ ನೋವಾಗದಂತೆ ಬಿಡಿಸುವವನು.

"ಆ ಸಾಲು ಬೇಕೇ ಬೇಕಾ?" ಅಂದ.

"ಬೇಕೇ ಬೇಕು."

"ಅದು ಬಂದ್ರೆ ಹಿಂದೆ ಹಿಂದೆ ನಿನ್ನ ವಿಷ್ಯಾನೂ ಬರುತ್ತೆ."

"ನನ್ನ ವಿಷ್ಯ ಯಾಕೆ ಬರುತ್ತೆ? ಕಲ್ಲಿನ ಮೇಲೆ ಊರಿನ ವಿಷ್ಯ. ನಂದಲ್ಲ."

"ಸರಿ ಬಿಡು," ಅಂದು ಮೀನಿನ ತಿರುಳನ್ನು ಅವಳ ಬಟ್ಟಲಿಗೆ ಹಾಕಿದ. ಉತ್ತರ ಸರಿಯಾಗಿಯೇ ಕೊಟ್ಟೆ ಎಂದು ಅವಳಿಗೆ ಅನ್ನಿಸಿತು. ಊರ ಯಜಮಾನಿಯಾಗಿ ಊರಿನ ನ್ಯಾಯ ಕೇಳುತ್ತಿದ್ದೇನೆ, ಅದಕ್ಕೂ ನನ್ನ ತವರಿಗೂ ಎಲ್ಲಿಯ ಸಂಬಂಧ? ಆದರೂ ಗಂಡ ಹಾಕಿದ ಮೀನನ್ನು ಬಟ್ಟಲಲ್ಲೇ ಬಿಟ್ಟು ಎದ್ದಳು.

ಚಾವಡಿಗೆ ಹೋಗುವ ದಾರಿಯಲ್ಲಿ ಹೆದ್ದಾರಿಯ ಕೆಳಗಿನ ಸುರಂಗದಿಂದ ಕೆಳಕೇರಿಯವರು ಒಬ್ಬೊಬ್ಬರಾಗಿ ಮೇಲೆ ಬರುತ್ತಿದ್ದರು. ಕೊನೆಗೆ ಅವ್ವ, ಮಗುವಿಲ್ಲದ ತಳ್ಳುಗಾಡಿಯೊಂದನ್ನು ಊರುಗೋಲಿನ ಬದಲಿಗೆ ತಳ್ಳುತ್ತ. ಮೊದಲು ಇದೇ ದಾರಿಯಲ್ಲಿ ಅವಳ ತಲೆಯ ಮೇಲೆ ಮೊಳಕೆಕಾಳಿನ ಬುಟ್ಟಿ ಇರುತ್ತಿತ್ತು. ಸೋಯಾ ಕಾಳಿಗೆ ಮೊಳಕೆ ಬರಿಸಿ ಮೇಲ್ಕೇರಿಯ ಮನೆಮನೆಗೆ ಮಾರುತ್ತಿದ್ದಳು, ಊರಿಗೆಲ್ಲ ಮೊಳಕೆ ಅಜ್ಜಿ. ಮದುವೆಯಾದ ಹೊಸದರಲ್ಲಿ ಒಮ್ಮೆ ಪ್ಯೋ ಮನೆಯ ಬಾಗಿಲಿಗೂ ಬಂದಳು. ಒಳಗೆ ಶ್ರಾದ್ಧದ ಅಡಿಗೆ ನಡೆದಿತ್ತು, ಪಡಸಾಲೆ ತುಂಬ ನೆಂಟರು. ಸುನ್‌ರೇ ಬಟ್ಟಲು ಹಿಡಿದು ಹೊರಗೆ ಬಂದಳು, ಯಾವ ಮುಖ ಹಾಕಿಕೊಳ್ಳಬೇಕೆಂದು ತಿಳಿಯದೆ. ಆಗ ಅವ್ವ ತಲೆ ತಗ್ಗಿಸಿ, ನೆಂಟರಿಗೆಲ್ಲ ಕೇಳುವಂತೆ, "ಯೋಜಮ್ಮನೋರೇ, ಎಷ್ಟು ಹಾಕ್ಲಿ?" ಎಂದು ಕೇಳಿದಳು. ಹೆತ್ತವಳು ಬಹುವಚನ ಹಚ್ಚಿ ಕರೆದಳು. ಸುನ್‌ರೇ "ಎರಡು ಹಿಡಿ ಸಾಕು ಅಜ್ಜಿ" ಅಂದಳು. ಅವ್ವನಿಗೆ ಆಗ ನಲವತ್ತೈದೂ ಆಗಿರಲಿಲ್ಲ. ಅವ್ವ ಹಿಡಿಗಳನ್ನು ಹಾಕಿದಳು, ಹಾಕುತ್ತಲೇ ಹೋದಳು, ಬಟ್ಟಲು ತುಂಬಿ ಚೆಲ್ಲಿತು. ಚೆಲ್ಲಿದ್ದನ್ನು ಆರಿಸಲು ಇಬ್ಬರೂ ಬಗ್ಗಿದಾಗ ಅವ್ವನ ಕೈಯ ಒದ್ದೆ ಅವಳ ಕೈಗೆ ತಗುಲಿತು. ಆ ಒದ್ದೆ ಕೈ ನೆನಪಾದಾಗೆಲ್ಲ ಸುನ್‌ರೇ ಯಾವುದಾದರೂ ಕೆಲಸ ಮೈಮೇಲೆ ಎಳೆದುಕೊಳ್ಳುತ್ತಾಳೆ. ಊರಿಗೆ ರಸ್ತೆ ದೀಪ ಬಂದದ್ದು, ಕೆಳಕೇರಿಗೆ ಕೊಳಾಯಿ ಬಂದದ್ದು, ಎಲ್ಲ ಹಾಗೇ ಬಂದದ್ದು.

ಚಾವಡಿಯಲ್ಲಿ ಅಡಿಯಿಂದ ಕಾಯಿಸಿದ ನೆಲ ಬೆಚ್ಚಗಿತ್ತು. ಗಂಡಸರು ಗೋಡೆಗೆ ಒರಗಿ, ಹೆಂಗಸರು ನಡುವೆ ಗುಂಪಾಗಿ, ಅವ್ವ ಎಂದಿನಂತೆ ಬಾಗಿಲ ಪಕ್ಕದಲ್ಲಿ, ಚಪ್ಪಲಿಗಳ ಹತ್ತಿರ. ಸುನ್‌ರೇ ನಿಂತು ಓದಿದಳು. ಗುಡ್ಡ ತೊರೆಗಳಿಗೆ ಎಲ್ಲರೂ ತಲೆ ಆಡಿಸಿದರು. ಸೂರ್ಯ ತಡವಾಗಿ ಕಾಣುವ ಮಾತಿಗೆ "ಸರಿಯಾಗ್ ಬರ್ದಿದ್ದೀಯ!" ಎಂದು ಯಾರೋ ತೊಡೆ ತಟ್ಟಿದರು. ಆ ಸಾಲು ಬಂತು. ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ, ಓದಿ ಮುಗಿಸಿ ಕಾಗದ ಮಡಚಿದಳು. ಚಿಕ್ಕಮಾವ ಬಾಯಿ ತೆರೆಯುತ್ತಾರೆಂದು ಅವಳು ಸಿದ್ಧಳಾಗಿ ನಿಂತಿದ್ದರೆ, ಎದ್ದು ನಿಂತವನು ಕೆಳಕೇರಿಯ ದೋಶಿಕ್. ಹೆದ್ದಾರಿ ಬದಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟು ಗಟ್ಟಿಯಾಗಿ ನಿಂತವನು.

"ಅಕ್ಕಾ, ಬೇಜಾರು ಮಾಡ್ಕೋಬೇಡ. ಆ ಲಾರಿ ಬೇಡ."

"ಯಾಕೋ? ನಿಮ್ಮಪ್ಪ ಬಂದಿದ್ದು ಅದರಲ್ಲೇ ಅಲ್ವಾ?"

"ಅದಕ್ಕೇ ಬೇಡ. ಮಗಳಿಗೆ ಸಂಬಂಧ ಬಂದಿದೆ. ಬೀಗರು ಊರಿಗೆ ಬಂದ್ರೆ ಮೊದಲು ಕಾರು ನಿಲ್ಸೋದೇ ಆ ಕಲ್ಲ ಹತ್ರ. ನಿಂತು ಓದ್ತಾರೆ. ಕಸದ ಜೊತೆ ಬಂದೋರ ಮನೆ ಅಂತ ನನ್ನ ಮಗಳು ತಲೆ ತಗ್ಗಿಸ್ಬೇಕಾ? ಇಷ್ಟು ವರ್ಷ ಒದ್ದಾಡಿ ಇಲ್ಲಿಯವರಾಗಿದ್ದೀವಿ. ನೀನು ಕಲ್ಲು ಕೆತ್ತಿಸಿ ಮತ್ತೆ ಅಲ್ಲಿಗೇ ಕಳಿಸ್ತೀಯಲ್ಲ!"

ಕೆಳಕೇರಿಯ ಇನ್ನೂ ನಾಲ್ಕಾರು ತಲೆಗಳು ಹೌದು ಹೌದು ಎಂದವು. ಸುನ್‌ರೇ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಇವರ ಪರವಾಗಿಯೇ ಅಲ್ಲವೇ ತಾನು ಇಷ್ಟು ದಿನ ಚಿಕ್ಕಮಾವನ ಜೊತೆ ಗುದ್ದಾಡಿದ್ದು? ಥೂ, ಹೇಡಿಗಳಾ, ನಿಮ್ಮ ಅಪ್ಪ ಅಮ್ಮನ ಮೈಬೆವರು ಹೇಳಿಕೊಳ್ಳೋಕೆ ನಾಚಿಕೆಯಾ, ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಬಾಗಿಲ ಪಕ್ಕದಲ್ಲಿ ಕೂತಿದ್ದವಳ ಕಡೆ ನೋಡದೆ ಆ ಮಾತನ್ನು ಆಡುವುದು ಹೇಗೆ ಎಂದು ಅವಳಿಗೆ ಹೊಳೆಯಲಿಲ್ಲ. ದೋಶಿಕ್ ತನ್ನ ಮಗಳ ಮದುವೆಗಾಗಿ ಮುಚ್ಚಿಡು ಅನ್ನುತ್ತಿದ್ದಾನೆ. ತಾನು ತನ್ನ ಮದುವೆಯಿಂದ ಮುಚ್ಚಿಟ್ಟವಳು. ಕಿವಿ ಬಿಸಿಯಾದವು. ಮಡಚಿದ ಕಾಗದವನ್ನು ಇನ್ನೊಂದು ಸಲ ಮಡಚಿದಳು.

ಚಿಕ್ಕಮಾವ ಗೆದ್ದವರ ಉದಾರತೆಯಿಂದ ಗಂಟಲು ಸರಿಮಾಡಿಕೊಂಡರು. "ಕೇಳಿದ್ಯಾ ಯೋಜಮ್ಮ? ಅವರಿಗೇ ಬೇಡವಂತೆ. ಇರ್ಲಿ, ಕೆಳಕೇರಿಗೆಲ್ಲ ಹಿರಿಯರು ಮೊಳಕೆ ಅಜ್ಜಿ. ಅವರ ಬಾಯಲ್ಲೇ ಬರ್ಲಿ. ಏನಮ್ಮ, ಆ ಸಾಲು ಇರ್ಲಾ, ಬೇಡ್ವಾ?"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಅವ್ವ ಸೆರಗಿಲ್ಲದ ಕಡೆ ಸೆರಗು ಹುಡುಕುವಂತೆ ರವಿಕೆಯ ಅಂಚನ್ನು ಎಳೆದುಕೊಂಡಳು. "ನಮಗೇನು ಗೊತ್ತಾಗುತ್ತೆ ಸ್ವಾಮಿ, ದೊಡ್ಡೋರಿಗೆ ಗೊತ್ತು. ಯೋಜಮ್ಮನೋರು ಓದಿದೋರು, ಚೆನ್ನಾಗೇ ಬರ್ದಿರ್ತಾರೆ, ಅವರು ಹೇಳ್ದಂಗೇ ಆಗ್ಲಿ." ಸ್ವಲ್ಪ ತಡೆದು ಸೇರಿಸಿದಳು: "ಬರಿಯೋದಾದ್ರೆ ಅವತ್ತು ಮಳೆ ಬರ್ತಿತ್ತು ಅಂತಾನೂ ಬರೀಲಿ."

"ಮಳೆನಾ? ಎಲ್ಲಿಯ ಮಳೆ?" ಅಂದರು ಚಿಕ್ಕಮಾವ. ತಪ್ಪು ಕಂಡರೆ ತಿದ್ದದೆ ಇರಲಾಗದ ಮನುಷ್ಯ. "ಮಳೆ ಬಂದಿದ್ದು ಹಿಂದಿನ ದಿನ. ಅವತ್ತು ಚುರ್ ಅನ್ನೋ ಬಿಸಿಲು. ಗದ್ದೆ ಕೆಸರಾಗಿ ಮೊದಲನೇ ಲಾರಿ ಚಕ್ರ ಅಚ್ಚಿನವರೆಗೂ ಹೂತ್ಹೋಯ್ತು. ನಾನೇ ಬದು ಮೇಲೆ ನಿಂತು ನೋಡ್ತಿದ್ದೆ, ಹಲಗೆ ಕೊಡಿ ಹಲಗೆ ಕೊಡಿ ಅಂತ ಹೆಂಗಸ್ರು..." ಅಲ್ಲಿಗೆ ನಿಂತರು.

ದೋಶಿಕನ ಬಾಯಿಂದ ಪುಸಕ್ಕನೆ ಒಂದು ನಗೆ ಹೊರಟಿತು, ಆಮೇಲೆ ಇಡೀ ಚಾವಡಿಯೇ ನಕ್ಕಿತು. ಚಿಕ್ಕಮಾವ ಮಾತ್ರ ನಗಲಿಲ್ಲ. ಅವರ ಮುದಿಗಲ್ಲ ಕೆಂಪಾಗಿತ್ತು.

"ಹಲಗೆ ಕೊಟ್ರಾ ಚಿಕ್ಮಾವ?" ಸುನ್‌ರೇ ಮೆಲ್ಲಗೆ ಕೇಳಿದಳು.

"ಇಲ್ಲ." ನೆಲ ನೋಡುತ್ತ ಹೇಳಿದರು. "ಕೊಡೋಣ ಅಂತ ಎತ್ತಿದ್ದೆ. ಕೊಟ್ರೆ ಇಲ್ಲೇ ಬೇರು ಬಿಡ್ತಾರೆ ಅಂತ ನಮ್ಮಪ್ಪ ಬೈದ್ರು. ವಾಪಸ್ ಇಟ್ಬಿಟ್ಟೆ." ಅಂಗೈಯನ್ನು ಮಂಡಿಗೆ ಒರೆಸಿಕೊಂಡರು. "ಬರ್ಕೋ. ಲಾರಿ ಬರ್ಕೋ. ಕಲ್ಲು ಅಲ್ಲೇ ನಿಲ್ಲುತ್ತೆ. ದೋಶಿಕಾ, ನಿನ್ನ ಬೀಗರು ಮೂಗು ಮುರಿದ್ರೆ ನನ್ನ ಹತ್ರ ಕರ್ಕೊಂಡ್ ಬಾ, ನಾನು ಮಾತಾಡ್ತೀನಿ."

"ನೀವೇ ಮಾತಾಡ್ತೀರಂದ್ರೆ ಆಯ್ತು ಬಿಡಿ ಯಜಮಾನ್ರೇ," ಅಂದು ದೋಶಿಕ್ ಕೂತ. ಕೈ ಎತ್ತಲು ಹೇಳಿದಾಗ ಬಹುಪಾಲು ಕೈಗಳು ಮೇಲೆದ್ದವು.

ಗೆದ್ದಿದ್ದಳು. ಕೇಳಿದ್ದು ಸಿಕ್ಕಿತ್ತು, ಅದೂ ಅವಳ ತವರಿನ ಮಾತು ಎಲ್ಲೂ ಬರದೆ. ಹೇಳಿರಲಿಲ್ಲವೇ ಎಂಬಂತೆ ಗಂಡನ ಕಡೆ ನೋಡಿದಳು. ಅವನು ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಮನಸ್ಸು ಹಗುರಾದ ಚಿಕ್ಕಮಾವನಿಗೆ ಈಗ ಇನ್ನೂ ಏನಾದರೂ ಕೊಡಬೇಕೆನ್ನಿಸಿತ್ತು. "ಕಲ್ಲಿನ ಹಿಂದ್ಗಡೆ ಯಜಮಾನಿ ಹೆಸರೂ ಹಾಕ್ಸೋಣ. ಇಷ್ಟು ದುಡಿದಿದ್ದಾಳೆ, ಮನೆತನಕ್ಕೂ ಕೀರ್ತಿ. ಬರ್ಕೋ: ಊರ ಯಜಮಾನಿ ತಾಕ್ ಸುನ್‌ರೇ, ಪ್ಯೋ ಮನೆತನದ ಸೊಸೆ, ತವರು ಯೋಜು." ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಲ್ಕೇರಿ, ಕೆಳಕೇರಿ, ಎಲ್ಲರೂ ಗೊತ್ತಿದ್ದೂ, ಮನಸಾರೆ ತಟ್ಟಿದರು. ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದವಳು ಅವ್ವ.

ಸುನ್‌ರೇ ಪೆನ್ನು ತೆಗೆದಳು. ತನ್ನ ಹೆಸರು ಬರೆದಳು, ಮನೆತನ ಬರೆದಳು. ಮುಂದಿನ ಮಾತಿಗೆ ಕೈ ಏಳಲಿಲ್ಲ. ನಾನು ಸತ್ತ ಮೇಲೂ ಕಲ್ಲು ಇರುತ್ತದೆ ಎಂದಷ್ಟೇ ಅನ್ನಿಸಿತು. ಈ ಹೆಂಗಸು ಬಾಗಿಲಲ್ಲಿ ಚಪ್ಪಲಿಗಳ ಪಕ್ಕದಲ್ಲಿ ಕೂತು, ಯೋಜುವಿನಲ್ಲಿ ಯಾರೋ ನನ್ನನ್ನು ಹೆತ್ತರು ಎಂದು ಚಪ್ಪಾಳೆ ತಟ್ಟುತ್ತಲೇ ಇರುತ್ತಾಳೆ. ಸುನ್‌ರೇ ತಲೆ ಎತ್ತಿದಳು. ಮೈಕಿನಲ್ಲಿ ಊರಿಗೆಲ್ಲ ಕೇಳುವ ಅದೇ ಗಂಟಲಿನಲ್ಲಿ, ಎಲ್ಲರ ತಲೆಗಳ ಮೇಲಿಂದ, ಬಾಗಿಲ ಕಡೆಗೆ ಕೂಗಿದಳು.

"ಅವ್ವಾ, ನಾವು ಬಂದಿದ್ದು ಎಷ್ಟನೇ ಲಾರೀಲಿ?"

ಚಪ್ಪಾಳೆ ನಿಂತಿತು. ಚಿಕ್ಕಮಾವನ ಕೈಗಳು ಅರ್ಧದಲ್ಲೇ ಉಳಿದವು. ಅವ್ವ ಹೊರಳಿ ತನ್ನ ಬೆನ್ನ ಹಿಂದೆ, ಬಾಗಿಲ ಆಚೆ ನೋಡಿದಳು, ಯಾರ ಮಗಳು ಬಂದಳು ಎಂದು.

ಅಲ್ಲಿ ಯಾರೂ ಇರಲಿಲ್ಲ. ಸುನ್‌ರೇ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅವಳ ಎದುರು ಚಪ್ಪಲಿಗಳ ಹತ್ತಿರವೇ ಕೂತು, ಇನ್ನೊಂದು ಸಲ ಕರೆದಳು.